ಹನ್ನೆರಡನೆಯ ಗುನ್ಹೆ

ಇಡೀ ಪ್ರಕರಣ ಗಾಳಿಯ ದಿಕ್ಕಿನ ಮೇಲೆ ನಿಂತಿತ್ತು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ನ್ಯಾಯಾಧೀಶರ ಮುಂದೆ ಗಾಳಿಯ ಬಗ್ಗೆ ಯಾರೂ ಒಂದು ಮಾತನ್ನೂ ಆಡಲಿಲ್ಲ. ಸಹೋದ್ಯೋಗಿಗಳಿಗೆ ಹೇಳಿ ಹೇಳಿ ನಾನೇ ಅದನ್ನು ದೊಡ್ಡದು ಮಾಡಿದೆ. ಹೊಡೆತ ಬಿದ್ದದ್ದು ಬೇರೆ ಕಡೆ, ಅದನ್ನು ಹೇಳುವಾಗ ಯಾರೂ ನಗುತ್ತಿರಲಿಲ್ಲ. ಅದಕ್ಕೇ ಗಾಳಿ.

ಎರಡು ಸಾವಿರದ ಎಂಟೋ ಒಂಬತ್ತೋ. ನಾನು ಡೊಂಬಿವಲಿಯಿಂದ ದಿನಾ ಕಲ್ಯಾಣ ಕೋರ್ಟಿಗೆ ಹೋಗುತ್ತಿದ್ದ ಹೊಸ ವಕೀಲೆ. ಮನೆಯಲ್ಲಿ ಧಾರವಾಡದ ಮಾತು. ಕನ್ನಡ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹೋಟೆಲಿನವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬರು ಸ್ಟೇಷನ್ನಿನ ಹತ್ತಿರದ ಹೋಟೆಲಿನ ಮ್ಯಾನೇಜರು, ಉಡುಪಿ ಕಡೆಯವರು, ಐವತ್ತು ದಾಟಿದವರು. ಎಲ್ಲರಂತೆ ನಾನೂ ಅವರನ್ನು ಅಣ್ಣ ಎನ್ನುತ್ತಿದ್ದೆ.

ನಡೆದದ್ದು ಇಷ್ಟು. ಬೆಳಿಗ್ಗೆ ಅಣ್ಣ ಶೇರ್ ರಿಕ್ಷಾದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ಗುಮಾಸ್ತ ನಡುವೆ ನುಗ್ಗಿ ಸೀಟಿಗೆ ಕೈ ಹಾಕಿದ. ಅಣ್ಣ ಜೇಬಿನಿಂದ ಪೆಪ್ಪರ್ ಸ್ಪ್ರೇ ತೆಗೆದು ಅವನ ಮುಖಕ್ಕೆ ಹೊಡೆದರು. ವಾಶಿಯ ಕಾಲೇಜಿಗೆ ಹೋಗುವ ಮಗಳಿಗೆಂದು ಉಲ್ಹಾಸನಗರದಿಂದ ತಂದ ಡಬ್ಬಿ ಅದು. ಅವಳು “ನಕೋ ಪಪ್ಪಾ” ಎಂದು ಬೇಡವೆಂದಿದ್ದರಿಂದ ಅವರ ಜೇಬಿನಲ್ಲೇ ಉಳಿದಿತ್ತು. ಗುಮಾಸ್ತ, ರಿಕ್ಷಾ ಚಾಲಕ, ಹಿಂದೆ ನಿಂತಿದ್ದ ನಾಲ್ಕು ಜನ, ಎಲ್ಲರೂ ಕೆಮ್ಮಿದರು. ಎಲ್ಲರಿಗಿಂತ ಹೆಚ್ಚು ಅಣ್ಣನೇ. ಪೊಲೀಸರು ಬಂದಾಗ ಅವರು ಟ್ಯಾಪಿನ ಕೆಳಗೆ ತಲೆ ಇಟ್ಟು ಬೈಯುತ್ತಿದ್ದರಂತೆ.

ಸಣ್ಣ ಗಾಯದ ಕೇಸು. ಗುಮಾಸ್ತ ಒಪ್ಪಿದರೆ ರಾಜಿಯಲ್ಲಿ ಮುಗಿಯುವಂಥದು. ಆದರೆ ಅದೇ ತಿಂಗಳು ಅಣ್ಣನಿಗೆ ನವಿ ಮುಂಬಯಿಯ ಒಂದು ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನು ಸಿಗುವುದರಲ್ಲಿತ್ತು. ಇಪ್ಪತ್ತು ವರ್ಷ ಬೇರೆಯವರ ಗಲ್ಲಾದಲ್ಲಿ ಕೂತವರಿಗೆ ಮೊದಲ ಬಾರಿ ಸ್ವಂತದ್ದು. ಕಂಪನಿಯ ಅರ್ಜಿಯಲ್ಲಿ ಒಂದು ಕಲಂ: ಯಾವುದೇ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ? ಇಲ್ಲ ಎಂದು ಬರೆಯುವಂತಾಗಬೇಕಿತ್ತು. ನನ್ನ ಕೆಲಸ ಅಷ್ಟೇ.

“ನೀವು ಹೆದರ್ಬೇಡಿ ವಕೀಲ್ರೆ,” ಎಂದರು ಅಣ್ಣ, ನನ್ನ ಮೇಜಿನ ಮೇಲೆ ಇಡ್ಲಿಯ ಪೊಟ್ಟಣ ಇಡುತ್ತ. “ನಂಗೆ ಕೋರ್ಟು ಗೊತ್ತುಂಟು. ಹೆಸರು ಕರೀತಾರೆ, ಕೈ ಮುಗಿಯೂದು, ಕಬೂಲ್ ಹೇಳೂದು, ದಂಡ ಕಟ್ಟೂದು. ಊಟದ ರಶ್ಶಿಗೆ ಮುಂಚೆ ಕೌಂಟರಲ್ಲಿ ವಾಪಾಸ್.”

“ಕಬೂಲ್ ಅಂದ್ರ ಶಿಕ್ಷಾ ಆದಂಗ ಅಣ್ಣಾ. ಕ್ಯಾಂಟೀನು ಕೈಬಿಟ್ಟು ಹೋಗ್ತದ. ಆ ಗುಮಾಸ್ತಗ ಒಂದು ಮಾತು ಮಾಫಿ ಕೇಳ್ರಿ, ಅಂವ ಸಹಿ ಮಾಡ್ತಾನ.”

“ಮಾಫಿಯಾ? ಲೈನ್ ಮುರಿದದ್ದು ಯಾರು? ಅವ. ಕಣ್ಣು ಜಾಸ್ತಿ ಉರಿದದ್ದು ಯಾರಿಗೆ? ನಂಗೆ.”

“ಕಬೂಲ್ ಅನ್ನಲಿಕ್ಕೆ ನಾಚಿಕಿ ಇಲ್ಲ, ಮಾಫಿ ಕೇಳಲಿಕ್ಕೆ ನಾಚಿಕಿ ಏನು?”

“ಕಬೂಲ್ ಕೋರ್ಟಿಗೆ. ಮಾಫಿ ಮನುಷ್ಯನಿಗೆ. ಎರಡೂ ಒಂದೇ ಎಂಥದು ಮಾರಾಯ್ರೆ?”

ಹೀಗೆ ಮೂರು ತಾರೀಖು ಹೋಯಿತು. ನಾಲ್ಕೂ ಇರಬಹುದು. ಕೋರ್ಟು ಗೊತ್ತುಂಟು ಎಂದರೆ ಏನು ಎಂದು ನಾನು ಕೇಳಲಿಲ್ಲ. ಹೋಟೆಲಿನ ಯಾವುದೋ ಕಾಗದ ಹಿಡಿದು ಮಾಲೀಕರ ಹಿಂದೆ ಬಂದಿರಬೇಕು ಎಂದುಕೊಂಡೆ. ಕೇಳದೆ ಅಂದುಕೊಳ್ಳುವುದು ಆ ದಿನಗಳಲ್ಲಿ ನನಗೆ ಅಭ್ಯಾಸವಾಗಿತ್ತು.

ಕೊನೆಗೆ ಆರೋಪ ಓದುವ ದಿನ ಬಂತು. ಗುಮಾಸ್ತ ಬಾಗಿಲಲ್ಲಿ ನಿಂತಿದ್ದ, ಅರ್ಧ ದಿನದ ರಜೆ ಹಾಕಿ. ರಾಜಿಯ ಕಾಗದ ನನ್ನ ಫೈಲಿನಲ್ಲಿ ಸಿದ್ಧವಿತ್ತು. “ಸುಮ್ಮನೆ ನಿಂದ್ರಿ, ನಾ ಮಾತಾಡ್ತೀನಿ” ಎಂದು ಅಣ್ಣನಿಗೆ ಹೇಳಿದ್ದೆ. ಹೆಸರು ಕೂಗಿದರು. ನ್ಯಾಯಾಧೀಶರು, ಕನ್ನಡಕ ಹಾಕಿದ್ದ ನಡುವಯಸ್ಸಿನ ಹೆಂಗಸು, ಮರಾಠಿಯಲ್ಲಿ ಆರೋಪ ಓದಿ ಮುಗಿಸುವ ಮೊದಲೇ ಅಣ್ಣನ ಕೈಗಳು ತಾವಾಗಿ ಜೋಡಿಸಿಕೊಂಡವು.

“ಕಬೂಲ್ ಆಹೇ ಸಾಹೇಬ್.”

ನಾನು ಎದ್ದುನಿಂತೆ. ಏನೇನೋ ಅಂದೆ. ಆರೋಪಿ ಗಾಬರಿಯಾಗಿದ್ದಾರೆ, ವಯಸ್ಸಾದವರು, ಕುಟುಂಬಸ್ಥರು, ಇದು ಅವರ ಜೀವನದ ಮೊದಲ ತಪ್ಪು. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ಅಣ್ಣನನ್ನು ನೋಡಿದರು. “ಪಹಿಲಾಚ್ ಗುನ್ಹಾ?” ಇದೇ ಮೊದಲನೆಯದೇ ಎಂದು.

ಅಣ್ಣ ನನ್ನ ಕಡೆ ನೋಡಿದರು. ಪಾಠ ತಪ್ಪು ಹೇಳಿದ ಮಗುವನ್ನು ನೋಡುವ ಹಾಗೆ.

“ನಾಹೀ ಸಾಹೇಬ್. ಬಾರಾವಾ.”

ಹನ್ನೆರಡನೆಯದು. ಪೇಶ್ಕಾರರು ನಕ್ಕರು, ಪೊಲೀಸರು ನಕ್ಕರು. ಅಣ್ಣ ಹೆಮ್ಮೆಯಿಂದ ವಿವರಿಸತೊಡಗಿದರು: ಮುಚ್ಚದೆ ಇಟ್ಟ ವಡೆ ಮೂರು ಸಲ, ಹಿಟ್ಟಿನ ಚೀಲದಲ್ಲಿ ಇಲಿ ಹಿಕ್ಕೆ ಎರಡು ಸಲ, ಲೈಸೆನ್ಸು ಗೋಡೆಗೆ ತೂಗುಹಾಕದ್ದು... ನಾನು ನಡುವೆ ಬಾಯಿ ಹಾಕಿ ಹತ್ತು ನಿಮಿಷ ಬೇಡಿಕೊಂಡೆ. ಕೊಟ್ಟರು. ಕಬೂಲನ್ನು ಇನ್ನೂ ಬರೆದುಕೊಂಡಿರಲಿಲ್ಲ.

ವರಾಂಡದಲ್ಲಿ ಅರ್ಥವಾಯಿತು. ಮುನಿಸಿಪಾಲಿಟಿಯವರು ಹೋಟೆಲಿನ ಮೇಲೆ ಕೇಸು ಹಾಕಿದರೆ ಮಾಲೀಕರು ಕೋರ್ಟಿಗೆ ಬರುತ್ತಿರಲಿಲ್ಲ. ಅಡುಗೆಮನೆಗೆ ತಾನೇ ಜವಾಬ್ದಾರ ಎಂದು ಸಹಿ ಮಾಡಿ ಮ್ಯಾನೇಜರು ಹೋಗುವುದು, ಒಪ್ಪಿಕೊಂಡು ದಂಡ ಕಟ್ಟಿ ಬರುವುದು. ಅದೂ ಗಲ್ಲಾದ ಕೆಲಸವೇ, ಗ್ಯಾಸಿನ ಸಿಲಿಂಡರ್ ತರಿಸಿದ ಹಾಗೆ.

“ಅವೆಲ್ಲ ಧಣಿಗಳದ್ದಲ್ವಾ,” ಎಂದರು ಅಣ್ಣ.

“ಕಾಗದದಾಗ ಯಾರ ಹೆಸರದ?”

“ನಂದೇ. ನಾನೇ ಹೋದದ್ದಲ್ವಾ.”

“ಹಂಗಾರ ಶಿಕ್ಷಾ ಆಗಿದ್ದೂ ನಿಮಗಽ. ಹನ್ನೊಂದೂ.”

ಅವರ ಮುಖದಲ್ಲಿ ಏನಾಯಿತು ಎಂದು ವರ್ಣಿಸಬಲ್ಲೆ. ಆದರೆ ನಾನು ಆಗ ಫೈಲು ನೋಡುತ್ತಿದ್ದೆ, ಆದ್ದರಿಂದ ಆ ವರ್ಣನೆ ಕಟ್ಟಿದ್ದಾಗುತ್ತದೆ. ಕೇಳಿಸಿದ್ದು ಮಾತ್ರ ಹೇಳುತ್ತೇನೆ: ಚಪ್ಪಲಿಯ ಸದ್ದು. ಅಣ್ಣ ನೇರವಾಗಿ ಗುಮಾಸ್ತನ ಹತ್ತಿರ ಹೋಗಿದ್ದರು.

“ಮಾಝಂ ಚುಕಲಂ,” ಎಂದರು. ನನ್ನದು ತಪ್ಪಾಯಿತು.

ಗುಮಾಸ್ತ ಅವರ ಭುಜ ತಟ್ಟಿದ. “ರಾಹೂ ದ್ಯಾ ಅಣ್ಣಾ. ಪುಢಚ್ಯಾ ವೇಳೀ ಆಧೀ ಹವಾ ಬಘಾ.” ಇರಲಿ ಬಿಡಿ, ಮುಂದಿನ ಸಲ ಮೊದಲು ಗಾಳಿ ನೋಡಿ ಎಂದ. ನನ್ನ ಕಥೆಯ ಗಾಳಿ ಬಂದದ್ದು ಇಲ್ಲಿಂದ.

ರಾಜಿಯಾಯಿತು. ಅಣ್ಣ ಖುಲಾಸೆಯಾದರು. ಹನ್ನೆರಡರಲ್ಲಿ ಅವರು ನಿಜವಾಗಿ ಮಾಡಿದ್ದು ಒಂದೇ, ಶಿಕ್ಷೆ ತಪ್ಪಿದ್ದೂ ಅದಕ್ಕೊಂದಕ್ಕೇ.

ಆಮೇಲೆ ಅರ್ಜಿ. ಆ ಕಲಮಿನ ಮುಂದೆ ಪೆನ್ನು ಹಿಡಿದು “ಎಂಥ ಬರೆಯೂದು?” ಎಂದು ಕೇಳಿದರು. “ಇದ್ದದ್ದು ಬರೀರಿ” ಎಂದೆನೋ, “ಅವು ಸಣ್ಣವು, ಬರೆಯೂದು ಬ್ಯಾಡ” ಎಂದೆನೋ. ಎರಡೂ ನೆನಪಿದೆ, ಎರಡೂ ನನ್ನದೇ ದನಿಯಲ್ಲಿ. ಮೊದಲನೆಯದು ನನ್ನನ್ನು ಪ್ರಾಮಾಣಿಕಳನ್ನಾಗಿ ಮಾಡುತ್ತದೆ, ಎರಡನೆಯದು ಅವರನ್ನು. ಯಾವುದನ್ನೂ ನಂಬುವುದಿಲ್ಲ. ಅವರು ಬರೆದದ್ದು ಮಾತ್ರ ಖಂಡಿತ, ಮೆನು ಬರೆಯುವ ದುಂಡಗಿನ ಅಕ್ಷರದಲ್ಲಿ, ಪ್ರತ್ಯೇಕ ಹಾಳೆ ಲಗತ್ತಿಸಿ.

ವಾರದ ನಂತರ ಕಂಪನಿಯಿಂದ ನನಗೆ ಫೋನು. ಕ್ಯಾಂಟೀನಿನ ವಿಷಯ ನೋಡುತ್ತಿದ್ದವರು ಬೆಂಗಳೂರಿನವರು.

“ಮೇಡಂ, ಏನ್ರೀ ಇದು? ಜಗಳದ ಕೇಸ್ ಬಿಡಿ, ಮುಗ್ದಿದೆಯಲ್ಲ, ಅದಕ್ಕೆ ನಮ್ಮವರು ತಲೆ ಕೆಡಿಸ್ಕೊಳಲ್ಲ. ಇಲಿ ಹಿಕ್ಕೆ ಅಂತ ಬರ್ದಿದಾರಲ್ರೀ! ಅಡುಗೆ ಮಾಡೋಕೆ ಅರ್ಜಿ ಹಾಕೋರು!”

“ಅವು ಅವರವಲ್ಲ. ಮಾಲೀಕರ ಪರವಾಗಿ ಒಪ್ಪಿಕೊಂಡವು.”

“ಮಾಡ್ದೆ ಇದ್ದಿದ್ದನ್ನ ಯಾರಾದ್ರೂ ಕೋರ್ಟಲ್ಲಿ ಹನ್ನೊಂದು ಸಲ ಒಪ್ಕೋತಾರಾ ಮೇಡಂ?”

ಕ್ಯಾಂಟೀನು ಬೇರೆಯವರಿಗೆ ಹೋಯಿತು.

ಫೋನಿನಲ್ಲಿ ಹೇಳುವುದು ಬೇಡವೆಂದು ಹೋಟೆಲಿಗೇ ಹೋದೆ. ಊಟದ ಹೊತ್ತು. ಅಣ್ಣ ಗಲ್ಲಾದಲ್ಲಿ ಕೂತು ಟೋಕನ್ ಹರಿದು ಕೊಡುತ್ತಿದ್ದರು. ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ಧಣಿಗಳದ್ದು ಅಂತ ಹೇಳಿದ್ರಾ ನೀವು?”

“ಹೇಳಿದೆ.”

“ನಂಬಲಿಲ್ಲ?”

“ಇಲ್ರೀ ಅಣ್ಣಾ.”

ಒಂದು ಥಾಲಿಯ ಟೋಕನ್ ಹರಿದು ಯಾರಿಗೋ ಕೊಟ್ಟರು. “ನಾನಾದ್ರೂ ನಂಬ್ತಿರ್ಲಿಲ್ಲ,” ಎಂದರು.