ತಮ್ಮನ ರಕ್ತದ ಉರಿ

ಬಸಿಲಿಸಾ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ತನ್ನ ಹೀರುಗೊಳವೆಯನ್ನು ಕುದಿಸುವುದು. ನೀರು ಕುದಿಯುವಷ್ಟು ಹೊತ್ತು ನಮೋ ಮರಿಯಾ ಜಪ ಹೇಳಿಕೊಳ್ಳುತ್ತಾಳೆ. ಆಮೇಲೆ ಕೊಳವೆಯನ್ನು ಶುದ್ಧ ಬಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ನಮ್ಮೂರು ಪಿರಾಯುವಿನಲ್ಲಿ ತೆರೆರೆ ಕುಡಿಯಲು ಕೊಂಬಿನಿಂದ ಮಾಡಿದ ಒಂದೇ ಬಟ್ಟಲು, ಒಂದೇ ಕೊಳವೆ. ತಣ್ಣೀರಲ್ಲಿ ನೆನೆದ ಎಲೆಯ ರಸ ಕೂತವರೆಲ್ಲರ ಬಾಯಿಗೂ ಸರದಿಯಂತೆ ಹೋಗುತ್ತದೆ. ಬೇರೆ ಕೊಳವೆ ತಂದವರನ್ನು ಜಂಬದವರು ಅನ್ನುತ್ತಾರೆ.

"ಅನ್ನಲಿ ಬಿಡು. ಜಂಬ ಇರೋದಕ್ಕೇ ಇನ್ನೂ ಬದುಕಿದೀನಿ" ಅನ್ನುತ್ತಾಳೆ ಅವಳು.

ಮೂರು ವರ್ಷದ ಹಿಂದೆ ಅವಳಿಗೆ ರಕ್ತದ ಕ್ಯಾನ್ಸರ್ ಆದಾಗ ತಮ್ಮ ಅನ್ಸೆಲ್ಮೊನ, ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಕಸಿ ಮಾಡಿದ್ದರು. ಈ ಚಳಿಗಾಲದಲ್ಲಿ ರೋಗ ಮರಳಿತು. ರಾಜಧಾನಿ ಅಸುನ್ಸಿಯೋನಿನ ಡಾಕ್ಟರಮ್ಮ ಹೇಳಿದ್ದನ್ನು ಜೊತೆಗೆ ಹೋಗಿದ್ದ ನೆರೆಮನೆಯ ನಾನೂ ಪಕ್ಕದಲ್ಲಿ ಕೂತು ಕೇಳಿದೆ. ಇಷ್ಟು ದಿನ ನಿನ್ನ ತಮ್ಮನ ಕೋಶಗಳನ್ನು ಮದ್ದು ಕೊಟ್ಟು ಅಡಗಿಸಿದ್ದೆವು. ಈಗ ಮದ್ದು ನಿಲ್ಲಿಸಿ ಅವನ ಬಿಳಿ ರಕ್ತಕಣಗಳನ್ನು ಮತ್ತಷ್ಟು ಕೊಡೋಣ, ಕ್ಯಾನ್ಸರನ್ನು ಬೇಟೆಯಾಡಲಿ. ಆದರೆ ಅವಕ್ಕೆ ನಿನ್ನ ಮೈಯೂ ಹೊರಗಿನದೇ. ಚರ್ಮ, ಕರುಳು ಕಚ್ಚಬಹುದು.

"ಕಚ್ಚಲಿ. ಚಿಕ್ಕಂದಿನಲ್ಲೂ ಕಚ್ತಿದ್ದ" ಎಂದಳು ಬಸಿಲಿಸಾ.

ಅನ್ಸೆಲ್ಮೊ ಕಣ ಕೊಟ್ಟ ಕೆಲವು ವಾರಕ್ಕೆ ಅವಳ ಅಂಗೈ, ಕುತ್ತಿಗೆ ಕೆಂಪಾಗಿ ಉರಿಯತೊಡಗಿದವು. ಡಾಕ್ಟರಮ್ಮ ಮುಲಾಮು ಕೊಟ್ಟರು. ಇಷ್ಟೇ ಇದ್ದರೆ ಕಾಯೋಣ. ಭೇದಿ ಶುರುವಾದರೆ, ಕಣ್ಣು ಹಳದಿಯಾದರೆ ತಡ ಮಾಡದೆ ಬಾ. ಉರಿ ಆರಿದ ಮೇಲೆ ತಮ್ಮನ ಕಣ ಇನ್ನೊಮ್ಮೆ ಬೇಕಾಗಬಹುದು ಎಂದರು. ರೋಗ ಸೋತಿದೆಯೇ ಎಂದು ಮುಂದಿನ ಪರೀಕ್ಷೆಯೇ ಹೇಳಬೇಕಿತ್ತು.

ಊರಿನ ಲೆಕ್ಕ ಬೇರೆ. ಅನ್ಸೆಲ್ಮೊನ ರಕ್ತ ಬಲು ಉಷ್ಣ, ಅಕ್ಕನನ್ನು ಸುಡುತ್ತಿದೆ ಎಂದರು. ಅವನೂ ನಂಬಿದ, ಅಕ್ಕನ ಮನೆಗೆ ಬರುವುದನ್ನೇ ಬಿಟ್ಟ. ನಮ್ಮಲ್ಲಿ ಯಾವ ಉರಿಗೂ ತಂಪಿನ ಸೊಪ್ಪು ಜಜ್ಜಿ ತೆರೆರೆಗೆ ಹಾಕುತ್ತಾರೆ. ಶನಿವಾರ ಅವನು ಅಂಥದೊಂದು ಹೂಜಿ ಹಿಡಿದು ಬಂದ.

"ಅಕ್ಕ, ಹೊಳೆ ದಂಡೇಲಿ ನಾನೇ ಕಿತ್ತಿದ್ದು. ಕುಡಿ, ಉರಿ ಇಳಿಯುತ್ತೆ."

"ಹಂದಿ ಹೊರಳಾಡೋ ಜಾಗದ ಹಸಿ ಸೊಪ್ಪು. ಅದರ ಸೋಂಕು ತಡ್ಕೊಳ್ಳೋ ಶಕ್ತಿ ಈ ಮೈಗೆ ಇನ್ನೂ ಬಂದಿಲ್ಲ ಕಣೋ."

"ನನ್ನ ರಕ್ತಾನೇ ನಿನ್ನ ಸುಡ್ತಿದೆ. ಇನ್ನೊಂದು ಸಲ ಕೊಡಲ್ಲ ನಾನು."

ಬಸಿಲಿಸಾ ಯಂತ್ರ ನಿಲ್ಲಿಸಿ, ಅಂಗೈಯನ್ನು ಅವನ ಮೂಗಿನ ಮುಂದೆ ಹಿಡಿದಳು.

"ನೋಡು. ನಿನ್ನ ಕಡೆಯೋರು ಒಳಗೆ ಎದ್ದಿದಾರೆ ಅನ್ನೋದಕ್ಕೆ ಸದ್ಯಕ್ಕೆ ಇದೊಂದೇ ಗುರುತು. ಅವರು ಮಲಗಿದ್ದಾಗ ರೋಗ ವಾಪಸ್ ಬಂತು. ನಿನ್ನ ಥರಾನೇ ಸೋಮಾರಿಗಳು. ಈಗ ಎದ್ದೋರನ್ನ ಮತ್ತೆ ಮಲಗಿಸೋಕೆ ಬಂದಿದೀಯ?"

"ನೋವಾಗಲ್ವಾ?"

"ಆಗುತ್ತೆ. ಆದಾಗೆಲ್ಲ ನಿನ್ನ ಬೈಕೋತೀನಿ. ಕರೆದಾಗ ತೋಳು ಕೊಡ್ತೀಯೋ ಇಲ್ವೋ, ಅದನ್ನ ಹೇಳು."

ಅವನು ಹೂಜಿಯನ್ನು ಯಂತ್ರದ ಪಕ್ಕ ಇಟ್ಟ.

"ಕೊಡ್ತೀನಿ" ಎಂದ ಕೊನೆಗೆ. ಆಮೇಲೂ ಬಟ್ಟಲು ತುಂಬಿಸಿ ಚಾಚಿದ. "ಒಂದೇ ಗುಟುಕು ಅಕ್ಕ, ನನ್ನ ಸಮಾಧಾನಕ್ಕೆ."

ಅವಳು ಜೇಬಿನಿಂದ ಕೊಳವೆ ತೆಗೆದು, ಕುದಿಸಿ ಆರಿಸಿದ ತನ್ನ ನೀರಿನ ಲೋಟಕ್ಕೆ ಹಾಕಿದಳು.

"ನೀನೇ ಕುಡಿ. ನಂಗೆ ತಂಪು ಬೇಡ."