ಹಲಸಿನ ಮರದ ಮೂರನೇ ಹಾರ್ನ್

ಕಟಿಂಗ್ ಪ್ಲೇಯರನ್ನು ಬಾಯಲ್ಲಿ ಕಚ್ಚಿಕೊಂಡು ನಾನು ಹಲಸಿನ ಮರ ಹತ್ತುತ್ತಿದ್ದೆ. ಮೇಲೆ ಮೈಕಿನ ಹಾರ್ನ್ ಬೊಬ್ಬೆ ಹೊಡೆಯುತ್ತಿತ್ತು.

"ಅವರ ಅಂಗಡಿಗೆ ಹೋಗಬೇಡಿ! ಅವರ ಗಾಡಿ ಹತ್ತಬೇಡಿ! ಅವರನ್ನು ನಿಮ್ಮ ಅಂಗಳಕ್ಕೆ ಸೇರಿಸಬೇಡಿ!"

ಕೆಳಗೆ ಮೈದಾನದಲ್ಲಿ ಚಪ್ಪಾಳೆ. ನಾನು ವಯರ್ ಹುಡುಕಿ ಕಚಕ್ಕನೆ ಕತ್ತರಿಸಿದೆ. ಆ ಹಾರ್ನಿನ ಬಾಯಿ ನಿಂತಿತು. ಉಳಿದ ಎರಡು ಹಾರ್ನ್ ಬೊಬ್ಬೆ ಹೊಡೆಯುತ್ತಲೇ ಇದ್ದವು. ಅವುಗಳ ಮುಖ ಮೈದಾನಕ್ಕೂ ರಸ್ತೆಗೂ ಇತ್ತು. ನಾನು ಕತ್ತರಿಸಿದ ಮೂರನೆಯದರ ಮುಖ ಒಂದು ಮನೆಗೆ ಇತ್ತು. ಹಾಗೆ ಕಟ್ಟಿದವನು ನಾನೇ.

ನನ್ನದು ಮೈಕ್ ಸೆಟ್ಟಿನ ಕೆಲಸ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪುತ್ತೂರಿನ ಒಬ್ಬ ಧಣಿಯ ಕೈಕೆಳಗೆ ದುಡಿಯುತ್ತಿದ್ದೆ. ಕೆದಂಬಾಡಿಯಲ್ಲಿ ಮದುವೆ ಇರಲಿ, ಕೊಲ್ಲಮೊಗ್ರಿನಲ್ಲಿ ಕಬಡ್ಡಿ ಇರಲಿ, ಮರ ಹತ್ತಿ ಹಾರ್ನ್ ಕಟ್ಟುವವನು ನಾನು. ಈ ಮೈದಾನ ನನ್ನ ಊರಿನದ್ದೇ, ಜಾಲ್ಸೂರಿನಿಂದ ಸ್ವಲ್ಪ ಈಚೆ.

ಮೈದಾನದ ಆಚೆ ಗುಡ್ಡೆಯ ಬದಿಯಲ್ಲಿ ಬ್ಯಾರಿಗಳ, ಅಂದರೆ ನಮ್ಮ ಕಡೆಯ ಮುಸ್ಲಿಮರ, ಒಂದು ಮನೆ ಉಂಟು. ಆ ಮನೆಯ ಹೆಂಗಸು ಬೀಡಿ ಕಟ್ಟುತ್ತಾರೆ. ಅವರ ಮಗ ಮತ್ತು ನಾನು ಒಂದೇ ಬೆಂಚಿನವರು. ಹಾಗಾಗಿ ಅವನ ಹಾಗೆ ನಾನೂ ಅವರನ್ನು ಉಮ್ಮ, ಅಂದರೆ ಅಮ್ಮ, ಎಂದೇ ಕರೆಯುವುದು. ಅವರಿಗೆ ತಾಳಮದ್ದಳೆಯ ಹುಚ್ಚು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತ ಇಬ್ಬರು ಪುರಾಣದ ಪಾತ್ರವಾಗಿ ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಉಮ್ಮ ಮೈದಾನಕ್ಕೆ ಬರುವುದಿಲ್ಲ. ಬಂದರೆ ಅಷ್ಟು ಹೊತ್ತಿನ ಬೀಡಿ ಹೋಯಿತಲ್ಲ. "ಒಂದು ಹಾರ್ನ್ ನಮ್ಮ ಕಡೆ ತಿರ್ಗಿಸು ಮಗಾ" ಎಂದು ಮೊದಲ ಸಲ ಹೇಳಿದಾಗ ನನಗೆ ಮೀಸೆ ಬಂದಿರಲಿಲ್ಲ. ಅಲ್ಲಿಂದ ಇಲ್ಲಿವರೆಗೆ ಆ ಮೈದಾನದಲ್ಲಿ ಎಂತ ಕಾರ್ಯಕ್ರಮ ಇದ್ದರೂ ಮೂರನೇ ಹಾರ್ನ್ ಅವರ ಜಗಲಿಗೆ.

ಆ ದಿನವೂ ಕೈ ಅಭ್ಯಾಸದಲ್ಲಿ ತಿರುಗಿಸಿ ಕಟ್ಟಿತ್ತು. ಇದು ತಾಳಮದ್ದಳೆ ಅಲ್ಲ, ರಾಜಕೀಯದವರ ಸಭೆ ಎಂದು ನಾನು ಯೋಚನೆಯೇ ಮಾಡಲಿಲ್ಲ.

ಒಂದು ವಿಷಯ ಮುಚ್ಚಿಡುವುದಿಲ್ಲ. ಭಾಷಣದ ಶುರುವಿಗೆ ನಾನೂ ನಕ್ಕಿದ್ದೆ. ಆ ಮನುಷ್ಯ ಒಳ್ಳೆ ಮಾತುಗಾರ. ಬ್ಯಾರಿಗಳ ಊಟದ ಬಗ್ಗೆ ಒಂದು ಜೋಕು, ಉಡುಪಿನ ಬಗ್ಗೆ ಒಂದು ಜೋಕು. ಜನ ನಕ್ಕರು, ನಾನು ಶಿಳ್ಳೆ ಹೊಡೆದೆ. ಮೊದಲು ನಗಿಸುತ್ತಾರೆ. ನಕ್ಕ ಮೇಲೆ ನೀವು ಅವರ ಪಾರ್ಟಿ. ಆಮೇಲೆ ಗಾಡಿ ಹತ್ತಬೇಡಿ ಎಂದಾಗ ಹೇಗೆ ಎದ್ದು ಹೋಗುವುದು? ಆ ಮಾತು ಬಂದಾಗಲೇ ನನಗೆ ಹಾರ್ನಿನ ನೆನಪಾದದ್ದು. ಮರಕ್ಕೆ ಓಡಿದೆ.

ಇಳಿದು ಬಂದಾಗ ಧಣಿ ಆಂಪ್ಲಿಫಯರಿನ ಹತ್ತಿರ ನಿಂತು ಕೇಳಿದರು: "ಒಂದು ಹಾರ್ನ್ ಹೋಗಿದೆಯಲ್ಲ?"

"ವಯರ್ ತುಂಡಾಗಿದೆ" ಎಂದೆ.

ಮರುದಿನ ಬೆಳಿಗ್ಗೆ ಉಮ್ಮನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಮಡಿಲಿಗೆ ಮೊರ ಇಟ್ಟು ಬೀಡಿ ಕಟ್ಟುತ್ತಿದ್ದರು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಬಾ ಮಗಾ. ನಿನ್ನೆ ಎಂತ, ನಡುವಲ್ಲಿ ಶಬ್ದ ಹೋಯ್ತು?"

"ವಯರ್ ತುಂಡಾಯ್ತು ಉಮ್ಮ."

"ತುಂಡಾದದ್ದಾ, ಮಾಡಿದ್ದಾ?"

ನಾನು ಜಗಲಿಯ ಮೆಟ್ಟಿಲಲ್ಲಿ ಕೂತೆ.

"ಕೇಳ್ಬೇಕಾದ್ದೆಲ್ಲ ಅಷ್ಟರಲ್ಲಿ ಕೇಳಿ ಆಗಿತ್ತು ಮಾರಾಯ. ಆಮೇಲಿನದ್ದು ಹೇಳು. ಎದುರು ಅರ್ಥ ಹೇಳಿದ್ದು ಯಾರು?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ.

"ಅದು ಸಭೆ ಉಮ್ಮ. ಅಲ್ಲಿ ಎದುರು ಯಾರೂ ಕೂರುದಿಲ್ಲ."

"ತಾಳಮದ್ದಳೆಯಲ್ಲಿ ರಾಕ್ಷಸ ಮಾತಾಡಿದ್ರೂ ಎದುರು ಒಬ್ಬ ಇರ್ತಾನೆ. ಇಷ್ಟು ಜನ ಇದ್ರಿ, ಒಬ್ಬನೂ ಬಾಯಿ ಬಿಡ್ಲಿಲ್ವಾ?"

"ಇಲ್ಲ."

"ನೀನು?"

"ನಾನು ಮೈಕಿನವ ಉಮ್ಮ."

"ಹೌದು, ಮೈಕ್ ಇದ್ದದ್ದೇ ನಿನ್ನ ಕೈಯಲ್ಲಿ." ಅಷ್ಟು ಹೇಳಿ ಬೀಡಿಗೆ ನೂಲು ಸುತ್ತಿದರು. "ಚಾ ಉಂಟು, ಕುಡಿದು ಹೋಗು."

ಚಾ ಕುಡಿಯಲಿಲ್ಲ. ಸಿಟ್ಟು ಬಂದಿತ್ತು. ಅವರಿಗೆ ಬೇಸರ ಆಗಬಾರದು ಎಂದು ಮರ ಹತ್ತಿದ್ದು ನಾನು, ಬೈಗುಳವೂ ನನಗಾ? ಗುಡ್ಡೆ ಇಳಿದು ರಸ್ತೆಗೆ ಬರುವಷ್ಟರಲ್ಲಿ ಸಿಟ್ಟು ಇಳಿಯಿತು. ಅವರು ಹೇಳಿದ್ದು ಸರಿ. ನಾನು ಮುಚ್ಚಿದ್ದು ಅವರ ಕಿವಿಯನ್ನು. ಭಾಷಣ ಮಾಡಿದವನ ಬಾಯಿಯನ್ನಲ್ಲ.

ಉಮ್ಮನ ಮಗನದ್ದು ಗೂಡ್ಸ್ ಆಟೋ. ನಮ್ಮ ಊರಿನ ಸುತ್ತ ಎಲ್ಲಿ ಕಾರ್ಯಕ್ರಮ ಇದ್ದರೂ ನಮ್ಮ ಹಾರ್ನ್, ಆಂಪ್ಲಿಫಯರ್, ಸ್ಟ್ಯಾಂಡ್ ಎಲ್ಲ ಬರುವುದು ಅದರಲ್ಲೇ. ಆ ಸಭೆಗೂ ಅದರಲ್ಲೇ ಬಂದದ್ದು. ಸಭೆ ಆದ ಮೇಲೆ ಅವನಿಗೆ ಬಾಡಿಗೆ ಕಡಿಮೆಯಾಯಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಗೊಬ್ಬರ ತರಿಸುತ್ತಿದ್ದ ಒಬ್ಬರು "ಮುಂದಿನ ವಾರ ನೋಡುವ" ಎಂದರು. ಇನ್ನೊಬ್ಬರು "ನಮ್ಮ ಭಾವನೇ ಗಾಡಿ ತೆಗೆದಿದ್ದಾನೆ" ಎಂದರು. ಎಲ್ಲರೂ ನಗುಮುಖದಲ್ಲೇ ಹೇಳಿದ್ದು. ದ್ವೇಷದ ಭಾಷಣ ಅಂದರೆ ಬೆಂಕಿ, ಕಲ್ಲು, ಪೊಲೀಸು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಭಾಷಣ ಮಾಡಿದವನು ಕಾರು ಹತ್ತಿ ಹೋದ. ಅವನ ಮಾತು ಊರಲ್ಲೇ ಉಳಿದು ಕೆಲಸ ಮಾಡುತ್ತಿತ್ತು. ಮಾಡುತ್ತಿದ್ದವರು ನನ್ನದೇ ಜನ, ನಾನು ನಮಸ್ಕಾರ ಹೇಳುವವರು.

ಒಂದು ತಿಂಗಳಿಗೆ ಅದೇ ಮೈದಾನದಲ್ಲಿ ಅದೇ ರಾಜಕೀಯದವರ ಇನ್ನೊಂದು ಸಭೆ ಬಂತು. ಧಣಿ ನನ್ನನ್ನು ಬದಿಗೆ ಕರೆದರು.

"ಸಾಮಾನು ಈ ಸಲ ಅವರದ್ದೇ ಪಿಕಪ್ಪಿನಲ್ಲಿ ಬರ್ತದೆ. ನಿನ್ನ ದೋಸ್ತಿಗೆ ಬೇಡ ಅಂತ ಹೇಳು."

"ಯಾಕೆ?"

"ನಮಗೆ ಯಾಕೆ ಮಾರಾಯ ರಾಜಕೀಯ? ನಮ್ಮದು ಶಬ್ದ ಮಾತ್ರ."

"ಹಾಗಾದ್ರೆ ಗಾಡಿ ಯಾಕೆ ಬದಲು ಮಾಡುದು?"

ಅವರು ವಯರ್ ಸುತ್ತಲಿಕ್ಕೆ ಶುರು ಮಾಡಿದರು. ನಾನೇ ದೋಸ್ತಿಗೆ ಫೋನ್ ಮಾಡಿದೆ. ಅವನಿಗೆ ಮೊದಲೇ ಗೊತ್ತಿತ್ತು. "ಬಿಡಾ, ನನಗೂ ಅಲ್ಲಿಗೆ ಬರ್ಲಿಕ್ಕೆ ಮನಸ್ಸಿಲ್ಲ" ಎಂದು ಇಟ್ಟುಬಿಟ್ಟ.

ಸಭೆಯ ದಿನ ಮಧ್ಯಾಹ್ನ ಹೊಸ ವಯರ್ ಹಾಕಿ ಮೂರನೇ ಹಾರ್ನನ್ನು ಉಮ್ಮನ ಜಗಲಿಗೇ ತಿರುಗಿಸಿ ಕಟ್ಟಿದೆ. ಈ ಸಲ ಕೈಯ ಅಭ್ಯಾಸ ಅಲ್ಲ, ಬೇಕೆಂದೇ.

ಮೈಕಿನವನಿಗೆ ಮಾತಾಡಲಿಕ್ಕೆ ಇರುವುದು ಒಂದೇ ಹೊತ್ತು, ಮೈಕ್ ಟೆಸ್ಟ್ ಮಾಡುವಾಗ. ಕುರ್ಚಿ ಹಾಕುವವರು ಹಾಕುತ್ತಿದ್ದರು. ಮುಂದಿನ ನಾಲ್ಕು ಸಾಲು ತುಂಬಿತ್ತು. ನಾನು ಸ್ಟೇಜ್ ಹತ್ತಿದೆ.

"ಹಲೋ, ಹಲೋ. ಮೈಕ್ ಟೆಸ್ಟಿಂಗ್. ಒಂದು, ಎರಡು, ಮೂರು. ಕಳೆದ ಸಲ ಇಲ್ಲಿ ಒಬ್ರು ಅವರ ಗಾಡಿ ಹತ್ತಬೇಡಿ ಅಂತ ಹೇಳಿದ್ರು. ಆ ದಿನ ಈ ಮೈಕ್ ಇಲ್ಲಿಗೆ ಬಂದದ್ದು ಅವರ ಗಾಡಿಯಲ್ಲೇ. ಆ ಗಾಡಿಯವ ದೇವರು ಅಂತ ನಾನು ಹೇಳುದಿಲ್ಲ. ಹೇಳಿದ ಟೈಮಿಗೆ ಒಂದು ದಿನವೂ ಬಂದವನಲ್ಲ. ಅದಕ್ಕೆ ಬೈಯಿರಿ. ಅವ ಬ್ಯಾರಿ ಅಂತ ಹೇಳಿ ಬಾಡಿಗೆ ತಪ್ಪಿಸ್ಬೇಡಿ. ಅವತ್ತು ಕೂತು ನಕ್ಕವರಲ್ಲಿ ನಾನೂ ಒಬ್ಬ. ನಾನು ಮಾಡಿದ್ದು ತಪ್ಪು. ಹಲೋ, ಹಲೋ."

ಯಾರೋ ಕೂಗಿದರು: "ಓಯ್, ಮೈಕಿನವನಿಗೆ ಅರ್ಥ ಹೇಳುವ ಮರ್ಲ್ ಹಿಡಿದಿದೆ!" ನಾಲ್ಕು ಜನ ನಕ್ಕರು. ಶಾಲು ಹಾಕಿದ ಒಬ್ಬ ಓಡಿ ಬಂದು ನನ್ನ ಅಂಗಿ ಹಿಡಿದ.

"ಎಂತದಾ ನಿಂದು?"

"ಮೈಕ್ ಟೆಸ್ಟಿಂಗ್."

ಕೆನ್ನೆಗೆ ಒಂದು ಬಿತ್ತು. ಎರಡನೆಯದು ಬೀಳುವ ಮೊದಲು ಧಣಿ ನಡುವೆ ಬಂದರು. ಶಾಲಿನವನಿಗೆ ಕೈಮುಗಿದು, ನನಗೆ ಹೇಳಿದರು: "ನಾಳೆಯಿಂದ ಬರ್ಬೇಡ."

ಸಭೆ ನಡೆಯಿತು. ಭಾಷಣವೂ ಆಯಿತು, ಚಪ್ಪಾಳೆಯೂ ಬಿತ್ತು. ನನ್ನಿಂದ ಎಂತ ನಿಂತಿತು? ಏನೂ ಇಲ್ಲ. ಆದರೆ ಎದುರಿನಿಂದ ಒಂದು ಸ್ವರ ಹೋಗಿ ಆಗಿತ್ತು, ಮೂರು ಹಾರ್ನಿನಲ್ಲಿ. ಅದನ್ನು ಯಾವ ಕಟಿಂಗ್ ಪ್ಲೇಯರಿನಿಂದಲೂ ವಾಪಸು ಕತ್ತರಿಸಲಿಕ್ಕೆ ಆಗುವುದಿಲ್ಲ.

ನಾನು ಅಲ್ಲಿಂದ ನೇರ ಗುಡ್ಡೆ ಹತ್ತಿದೆ. ದೋಸ್ತಿ ಅಂಗಳದಲ್ಲೇ ಸಿಕ್ಕಿದ.

"ಟೈಮಿಗೆ ಬರುದಿಲ್ಲ ಅಂತ ಇಡೀ ಊರಿಗೆ ಹೇಳಿದ್ಯಲ್ಲಾ, ನಾಯಿ."

"ಸುಳ್ಳಾ?"

ಅವನು ನಗಲಿಲ್ಲ. ನನ್ನ ಕೆನ್ನೆ ನೋಡಿ ಒಳಗೆ ಹೋಗಿ ನೀರು ತಂದ.

ಉಮ್ಮ ಮೊರದಿಂದ ತಲೆ ಎತ್ತಲಿಲ್ಲ. ಆಚೆಯಿಂದ ಭಾಷಣ ಜಗಲಿಗೆ ಸರಿಯಾಗಿ ಬೀಳುತ್ತಿತ್ತು.

"ಕೇಳಿತಾ ಉಮ್ಮ?"

"ಕೇಳಿತು. ಗಡಿಬಿಡಿ ಮಾಡಿದಿ. ಅರ್ಥ ಹೇಳುವಾಗ ಸಾವಕಾಶ ಹೇಳ್ಬೇಕು." ಆಮೇಲೆ ಮಗನಿಗೆ: "ಅವನಿಗೆ ಚಾ ಕೊಡು."

ಈ ಸಲ ಕುಡಿದೆ.

ಈಗ ನಾನು ಮನೆಗಳ ವಯರಿಂಗ್ ಕೆಲಸಕ್ಕೆ ಹೋಗುತ್ತೇನೆ. ನನ್ನ ಸಾಮಾನು ಬರುವುದು ಅದೇ ಆಟೋದಲ್ಲಿ, ಯಾವಾಗಲೂ ತಡವಾಗಿ. ಯಾರಾದರೂ ಆ ಗಾಡಿ ಬೇಡ ಎಂದರೆ ಆ ಮನೆಯ ಕೆಲಸ ನನಗೂ ಬೇಡ. ಕೇಳಿದವರಿಗೆ ಮುಖದ ಮೇಲೆಯೇ ಹೇಳುತ್ತೇನೆ. ಅದಕ್ಕೆ ಮೈಕ್ ಬೇಕಾಗುವುದಿಲ್ಲ.

ಇಷ್ಟೇ. ಹೇಳಲಿಕ್ಕೆ ಇನ್ನು ಏನೂ ಇಲ್ಲ.