ತಂಗಿಯ ಟರ್ಬೊ ಕಾರಿಗೆ ನಾನು ಹೊಯ್ದ ಎಣ್ಣೆ

ನನ್ನ ತಂಗಿ ದನದ ಡಾಕ್ಟರು. ಆಂಧ್ರದ ಕಲ್ಯಾಣದುರ್ಗದಲ್ಲಿ ಅವಳ ಗಂಡನ ಮನೆ, ಕೆಲಸ ಬೆಳುಗುಪ್ಪದ ಸುತ್ತಲಿನ ಹಳ್ಳಿಗಳಲ್ಲಿ. ಆ ಕಡೆ ದನದ ಡಾಕ್ಟರೆಂದರೆ ಸ್ಕೂಟರಿನಲ್ಲೋ ಹಳೆಯ ಜೀಪಿನಲ್ಲೋ ಬರುವವರು. ಇವಳು ಬರುವುದು ತಗ್ಗಾದ, ಕೆಂಪು ಬಣ್ಣದ, ಟರ್ಬೊ ಇರುವ ಪೆಟ್ರೋಲ್ ಕಾರಿನಲ್ಲಿ. ಬೆಂಗಳೂರಿನ ಹುಡುಗರು ಭಾನುವಾರ ಬೆಳಿಗ್ಗೆ ಹೈವೇಯಲ್ಲಿ ಓಡಿಸಿಕೊಂಡು ಬರುವಂಥ ಕಾರು ಅದು. ಇವಳ ಡಿಕ್ಕಿ ತೆಗೆದರೆ ಮೂಗುದಾರ, ರಬ್ಬರ್ ಬೂಟು, ಕ್ಯಾಲ್ಸಿಯಂ ಬಾಟಲಿಗಳ ಪೆಟ್ಟಿಗೆ. ಒಳಗೆ ಕೂತರೆ ಕೊಟ್ಟಿಗೆಯ ವಾಸನೆ.

ನಾನು ಹಿಂದೂಪುರದಲ್ಲಿ ಮಗ್ಗ ನಡೆಸುವವನು. ನಮ್ಮದು ನೇಯುವ ಮನೆತನ. ಓದು ನನಗೆ ಹತ್ತಲಿಲ್ಲ, ಆರನೇ ಕ್ಲಾಸು ಬಿಟ್ಟು ಅಪ್ಪನ ಜೊತೆ ಮಗ್ಗದ ಶೆಡ್ಡಿಗೆ ಬಂದುಬಿಟ್ಟೆ. ಅವಳಿಗೆ ಹತ್ತಿತು. ಅವಳು ಡಾಕ್ಟರಾದದ್ದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ, ಈ ಕಾರು ತೆಗೆದುಕೊಂಡದ್ದನ್ನು ಅದಕ್ಕಿಂತ ಹೆಚ್ಚು ಜನಕ್ಕೆ ಹೇಳಿದ್ದೇನೆ. ಟೀ ಅಂಗಡಿಯಲ್ಲಿ ಕೂತು ಟರ್ಬೊ ಅಂದರೇನು ಅಂತ ವಿವರಿಸುತ್ತಿದ್ದೆ. ಎಂಜಿನ್ನಿನ ಹೊಗೆ ಸುಮ್ಮನೆ ಹೊರಗೆ ಹೋಗುವ ಬದಲು ಒಂದು ಪುಟ್ಟ ಚಕ್ರ ತಿರುಗಿಸುತ್ತದೆ, ಆ ಚಕ್ರಕ್ಕೆ ಸೇರಿದ ಇನ್ನೊಂದು ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ, ಗಾಳಿ ಹೆಚ್ಚಾದಷ್ಟೂ ಬಲ ಹೆಚ್ಚು. ಎಲ್ಲ ಅವಳು ಹೇಳಿಕೊಟ್ಟದ್ದೇ. ನಾನು ಮಾತ್ರ ನಾನೇ ಬಿಚ್ಚಿ ನೋಡಿದವನ ಹಾಗೆ ಹೇಳುತ್ತಿದ್ದೆ.

ಅವಳು ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಾಗ ಒಪ್ಪಿದವರು ಯಾರೂ ಇರಲಿಲ್ಲ. ಅವಳ ಮಾವನವರಿಗೆ ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು ತೆಲುಗಿನಲ್ಲಿ, ಇದು ರೇಸಿನ ಬಂಡಿ, ನಮಗೆ ಯಾಕಮ್ಮ ಅಂದರು. ಇಂಥ ಎಂಜಿನ್ನು ಜಾಸ್ತಿ ದಿನ ಬಾಳುವುದಿಲ್ಲ, ನಮ್ಮ ರಸ್ತೆಗೆ ಇದು ಆಗುವುದಿಲ್ಲ, ದಿನಾ ಕೆಲಸಕ್ಕೆ ಹೋಗುವವರಿಗೆ ಡೀಸೆಲ್ ಗಾಡಿಯೇ ಸರಿ ಅಂತ ಮನೆಗೆ ಬಂದವರೆಲ್ಲ ಹೇಳಿದರು. ನನ್ನ ತಂಗಿ ವಾದ ಮಾಡಲಿಲ್ಲ. ಮಾವನವರಿಗೆ ಒಂದೇ ಮಾತು ಹೇಳಿದಳು.

"ಕೆಲ್ಸದ್ ದಿನ ಒಂದ್ಸಲ ದಾರೀಲಿ ಕೈಕೊಟ್ರೂ ಸಾಕು ಮಾವ, ನಾನೇ ಮಾರ್ಬುಡ್ತೀನಿ."

ಆ ಮಾತನ್ನು ಉಳಿಸಿಕೊಳ್ಳಲು ಅವಳು ಪಟ್ಟ ಪಾಡು ನಾನು ಕಂಡಿದ್ದೇನೆ. ಬೆಳಿಗ್ಗೆ ಎಂಜಿನ್ನು ಬೆಚ್ಚಗಾಗುವ ತನಕ ಆಕ್ಸಿಲರೇಟರ್ ಒತ್ತುತ್ತಿರಲಿಲ್ಲ. ಜೋರಾಗಿ ಓಡಿಸಿ ಬಂದರೆ ತಕ್ಷಣ ಆಫ್ ಮಾಡುತ್ತಿರಲಿಲ್ಲ, ಕಾದ ಟರ್ಬೊ ತಣಿಯಲಿ ಅಂತ ಸ್ವಲ್ಪ ಹೊತ್ತು ಹಾಗೇ ಬಿಡುತ್ತಿದ್ದಳು. ಪೆಟ್ರೋಲು ಒಂದೇ ಬಂಕಿನದು. ಬೆಳುಗುಪ್ಪದ ಕಡೆಯ ಕೆಂಪು ದೂಳಿಗೆ ಏರ್ ಫಿಲ್ಟರು ಬೇಗ ಕಟ್ಟುತ್ತದೆ, ಅದನ್ನು ಭಾನುವಾರ ತಾನೇ ತೆಗೆದು ಕೊಡವುತ್ತಿದ್ದಳು. ರೋಡ್ ಹಂಪು ಬಂದರೆ ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸುತ್ತಿದ್ದಳು. ರಸ್ತೆಯ ಮೇಲೆ ಹುರುಳಿ ಬಳ್ಳಿ ಹರವಿದ್ದರೆ ಉಳಿದ ಗಾಡಿಗಳು ಅದರ ಮೇಲೇ ಹೋಗುತ್ತವೆ, ಒಕ್ಕಣೆಗೆಂದೇ ರೈತರು ಹರವಿರುತ್ತಾರೆ. ಇವಳು ಇಳಿದು, ನನ್ನ ಗಾಡಿ ಹೊಟ್ಟೆ ತಗ್ಗು, ಸ್ವಲ್ಪ ಜಾಗ ಬಿಡಪ್ಪ ಅಂತ ಕೇಳಿಕೊಂಡು ಮಗ್ಗುಲಿಂದ ಹೋಗುತ್ತಿದ್ದಳು.

ಒಮ್ಮೆ ಹಿಂದೂಪುರಕ್ಕೆ ಬಂದಾಗ ನನ್ನನ್ನು ಕೊಡಿಕೊಂಡದ ಹತ್ತಿರದ ಹೈವೇ ತನಕ ಕೂರಿಸಿಕೊಂಡು ಹೋದಳು. ಪೇಟೆಯೊಳಗೆ ಎರಡನೇ ಗೇರಿನಲ್ಲಿ ಕಾರು ನಿದ್ದೆಗಣ್ಣಿನಲ್ಲಿ ನಡೆದ ಹಾಗೆ ಮೆಲ್ಲಗೆ ನಡೆಯಿತು. ಇಷ್ಟೇನಾ ಅಂದೆ. ಹೈವೇ ಹತ್ತಿದ ಮೇಲೆ ಮುಂದೆ ಸಾಲಾಗಿ ಲಾರಿಗಳಿದ್ದವು. ಅವಳು ಒಂದು ಗೇರು ಇಳಿಸಿ ಒತ್ತಿದಳು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಯಾರೋ ಬೆನ್ನಿಗೆ ಕೈಕೊಟ್ಟು ನೂಕಿದ ಹಾಗಾಯಿತು, ಲಾರಿಗಳೆಲ್ಲ ಹಿಂದೆ ಉಳಿದವು. ನನ್ನ ಕೈ ಬಾಗಿಲಿನ ಹಿಡಿ ಬಿಟ್ಟಿರಲಿಲ್ಲ. ಅವಳು ಮಾತ್ರ ಯಾವುದೋ ಎಮ್ಮೆಯ ಕೆಚ್ಚಲು ಬಾವಿನ ಕತೆಯನ್ನು ಎಲ್ಲೂ ನಿಲ್ಲಿಸದೆ ಹೇಳುತ್ತಿದ್ದಳು. ಆವತ್ತು ನನಗಾದ ಹೆಮ್ಮೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಹೀಗೆ ಎರಡು ವರ್ಷ ಕಾರು ಒಂದು ದಿನವೂ ಕೈಕೊಡಲಿಲ್ಲ. ಕೈಕೊಡುವ ಹಾಗೆ ಮಾಡಿದವನು ನಾನು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಅರಿಶಿನ ಕುಂಕುಮಕ್ಕೆ ಮೊದಲು ಮನೆಯ ಹಿರಿಯ ಪ್ರತಿ ಯಂತ್ರಕ್ಕೂ ತನ್ನ ಕೈಯಿಂದ ಎಣ್ಣೆ ಕುಡಿಸಬೇಕು. ವರ್ಷವೆಲ್ಲ ದುಡಿದಿದೆ, ಅವತ್ತು ಹೊಟ್ಟೆ ತುಂಬ ಕುಡಿಯಲಿ ಎಂದು. ಅಪ್ಪ ಹೋದ ಮೇಲೆ ಆ ಕೆಲಸ ನನ್ನದು. ಮಗ್ಗಕ್ಕೆ ಎಣ್ಣೆ ಹೆಚ್ಚಾದರೆ ಕೆಳಗೆ ತೊಟ್ಟಿಕ್ಕುತ್ತದೆ, ಒರೆಸಿದರೆ ಮುಗಿಯಿತು. ಹಾಗಾಗಿ ನಮಗೆ ಅಳತೆ ಎಂಬುದು ಗೊತ್ತಿಲ್ಲ. ಆ ಸಲ ತಂಗಿ ಹಬ್ಬಕ್ಕೆ ಬಂದಿದ್ದಳು, ಕಾರು ಶೆಡ್ಡಿನ ಪಕ್ಕದಲ್ಲೇ ನಿಂತಿತ್ತು. ಅವಳು ಒಳಗೆ ಅಮ್ಮನ ಜೊತೆ ಒಬ್ಬಟ್ಟಿನ ಕೆಲಸದಲ್ಲಿದ್ದಳು. ಬಾನೆಟ್ಟು ತೆಗೆಯುವ ಮೊದಲು ನನ್ನನ್ನು ಕೇಳು ಅಂತ ಅವಳು ಹಿಂದೊಮ್ಮೆ ಹೇಳಿದ್ದು ನೆನಪಿತ್ತು. ಹಬ್ಬದ ದಿನ ಅಣ್ಣ ತಂಗಿಯ ಗಾಡಿಗೆ ಎಣ್ಣೆ ಬಿಡಲು ಕೇಳುವುದೇನು ಅಂದುಕೊಂಡೆ. ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯ ಎಂಜಿನ್ ಆಯಿಲ್ ಒಂದು ಲೀಟರು ಮೊದಲೇ ತಂದಿಟ್ಟಿದ್ದೆ. ಮುಚ್ಚಳ ತಿರುಗಿಸಿ ಅಷ್ಟನ್ನೂ ಹೊಯ್ದೆ. ಮೇಲೆ ಕುಂಕುಮ ಇಟ್ಟು ಕೈಮುಗಿದೆ. ಯಾರಿಗೂ ಹೇಳಲಿಲ್ಲ. ಆಗ ಮುಚ್ಚಿಡುವ ಉದ್ದೇಶವೇನೂ ಇರಲಿಲ್ಲ, ಮಾಡಿದ್ದನ್ನು ಹೇಳಿಕೊಳ್ಳಬಾರದು ಅನ್ನಿಸಿತ್ತು ಅಷ್ಟೆ.

ಅವಳು ಹಬ್ಬಕ್ಕೆ ಹೊರಡುವ ಮೊದಲೇ ಕಲ್ಯಾಣದುರ್ಗದಲ್ಲಿ ಎಣ್ಣೆಯ ಮಟ್ಟ ನೋಡಿಕೊಂಡು ಬಂದಿದ್ದಳು, ಹಾಗಾಗಿ ಕೆಲವು ವಾರ ಮತ್ತೆ ನೋಡಲಿಲ್ಲ. ಹಬ್ಬ ಕಳೆದ ಮೇಲೆ ಕಾರು ನೀಲಿ ಹೊಗೆ ಬಿಡತೊಡಗಿತು. ಒತ್ತಿದರೆ ಮೊದಲಿನ ಎಳೆತವಿಲ್ಲ. ಒಂದು ದಿನ ಬೆಳುಗುಪ್ಪದ ಆಚೆ ಮೀಟರಿನಲ್ಲಿ ಹಳದಿ ದೀಪ ಹತ್ತಿ, ಕಾರು ಎತ್ತಿನ ಗಾಡಿಯ ವೇಗಕ್ಕೆ ಬಂತು. ಅವಳು ಅದನ್ನು ಹುಣಸೆ ಮರದ ಕೆಳಗೆ ಬಿಟ್ಟು ಯಾರದೋ ಬೈಕಿನ ಹಿಂದೆ ಕೂತು ಕರು ಹಾಕಲಾರದೆ ನರಳುತ್ತಿದ್ದ ಹಸುವಿನ ಹತ್ತಿರ ಹೋದಳು. ಹಸುವೂ ಕರುವೂ ಉಳಿದವು. ಆದರೆ ಕಾರು ಕೈಕೊಟ್ಟಿತು ಎಂಬ ಸುದ್ದಿ ಅವಳಿಗಿಂತ ಮೊದಲು ಮನೆ ಸೇರಿತ್ತು.

ಕಲ್ಯಾಣದುರ್ಗದ ಮೇಸ್ತ್ರಿ ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ಪೈಪು ಬಿಚ್ಚಿ ನೋಡಿದ. ಒಳಗೆಲ್ಲ ಎಣ್ಣೆ. ಎಂಜಿನ್ನಿನಲ್ಲಿ ಎಣ್ಣೆಯ ಮಟ್ಟ ಆಗ ಸರಿಯಾಗೇ ಇತ್ತು, ಹೆಚ್ಚಾದದ್ದೆಲ್ಲ ಅಷ್ಟರಲ್ಲಿ ಪೈಪು ಸೇರಿ ಹೊಗೆಯಾಗಿ ಹೋಗಿತ್ತು. ಆ ಸಂಗತಿ ತಿಳಿಯದ ಮೇಸ್ತ್ರಿ, ಟರ್ಬೊದ ಒಳಗಿನ ಸೀಲು ಹೋಗಿದೆ, ಟರ್ಬೊ ಹೊಸದೇ ಹಾಕಬೇಕು ಅಂದ. ಅವನಿಗೆ ತೋರಿದ್ದು ಅದೇ. ಅವನ ತಪ್ಪಿಲ್ಲ.

ಅವಳು ನನಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಳು. ಪೈಪಿನಲ್ಲಿ ಎಣ್ಣೆ ಅಂದ ಕೂಡಲೇ ನನಗೆ ಹಬ್ಬದ ದಿನ ಹೊಯ್ದ ಲೀಟರು ನೆನಪಾಯಿತು. ಅವಳು ಅಳುತ್ತಿದ್ದಳು.

"ನಾನೇ ಕೊಂದ್ಬುಟ್ಟೆ ಕಣಣ್ಣ ಅದನ್ನ. ಎಲ್ಲೋ ಬಿಸಿ ಆರೋ ಮುಂಚೆ ಆಫ್ ಮಾಡ್ಬುಟ್ಟಿದ್ದೀನಿ."

ಹಾಗೇನಿಲ್ಲ ಬಿಡಮ್ಮಣ್ಣಿ ಅಂದೆ. ಅಷ್ಟೇ ಅಂದೆ. ಫೋನ್ ಇಟ್ಟು ನಮ್ಮ ಬೀದಿಯ ಲಾರಿ ಡ್ರೈವರ್ ಒಬ್ಬನನ್ನು, ಎಂಜಿನ್ನಿಗೆ ಎಣ್ಣೆ ಜಾಸ್ತಿಯಾದರೆ ಏನಾಗುತ್ತದೆ ಅಂತ ಯಾರದೋ ವಿಷಯದ ಹಾಗೆ ಕೇಳಿದೆ. ನೊರೆ ಕಟ್ಟಿ ಎಲ್ಲೆಲ್ಲೋ ನುಗ್ಗುತ್ತದೆ, ಹೊಗೆ ಬರುತ್ತದೆ ಅಂದ. ಅಲ್ಲಿಗೆ ನನಗೆ ಖಾತ್ರಿಯಾಯಿತು.

ಆದರೂ ಎರಡು ವಾರ ಬಾಯಿ ಬಿಡಲಿಲ್ಲ. ಕಾರಣ ಏನೆಂದು ಬರೆಯಲು ಈಗಲೂ ಕಷ್ಟ. ತಂಗಿ ಬೈದಾಳು ಎಂಬ ಭಯ ಅಲ್ಲ. ಅವಳ ಮಾವನವರ ಮುಂದೆ, ಮಗ್ಗಕ್ಕೆ ಬಿಟ್ಟ ಹಾಗೆ ಕಾರಿಗೆ ಎಣ್ಣೆ ಬಿಟ್ಟ ದಡ್ಡ ಅನ್ನಿಸಿಕೊಳ್ಳಬೇಕಲ್ಲ ಅಂತ. ಟೀ ಅಂಗಡಿಯಲ್ಲಿ ಟರ್ಬೊ ಪಾಠ ಹೇಳಿದವನು ನಾನು. ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಾಗ ನಾನು ನನ್ನ ಮರ್ಯಾದೆ ಕಾಯುತ್ತಿದ್ದೆ.

ಆಮೇಲೆ ಅಮ್ಮ ಊಟಕ್ಕೆ ಬಡಿಸುತ್ತಾ, ಧರ್ಮಾವರದವರು ಯಾರೋ ನಾಳೆ ಬಂದು ಕಾರು ತೆಗೆದುಕೊಂಡು ಹೋಗುತ್ತಾರಂತೆ, ಮಾರಲು ನಿನ್ನ ತಂಗಿಯೇ ಒಪ್ಪಿದಳಂತೆ ಅಂದಳು. ಇನ್ನು ಮೇಲೆ ಗಾಡಿಯ ಆಸೆ ಬೇಡ, ನನಗೆ ಓಡಿಸುವ ಯೋಗ್ಯತೆ ಇಲ್ಲ ಅಂತಲೂ ಅಂದಳಂತೆ. ನಾನು ತಟ್ಟೆ ಬಿಟ್ಟು ಎದ್ದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟೆ.

ಮೇಸ್ತ್ರಿಯ ಶೆಡ್ಡಿನಲ್ಲಿ ತಂಗಿಯೂ ಅವಳ ಮಾವನವರೂ ಇದ್ದರು. ಡಿಕ್ಕಿಯಲ್ಲಿದ್ದ ಬಾಟಲಿ, ಹಗ್ಗಗಳನ್ನು ಅವಳು ಒಂದು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನನ್ನನ್ನು ನೋಡಿ ಯಾಕೆ ಬಂದೆ ಅಂತ ಕೇಳಿದಳು.

"ಹಬ್ಬದ್ ದಿನ ನಾನು ಇದ್ಕೆ ಒಂದ್ ಲೀಟ್ರು ಎಣ್ಣೆ ಹೊಯ್ದ್ಬುಟ್ಟೆ" ಅಂದೆ.

ಮೊದಲು ಅರ್ಥವಾದದ್ದು ಮೇಸ್ತ್ರಿಗೆ. ಅವನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಇದ್ದ ಎಣ್ಣೆಯ ಮೇಲೋ ಖಾಲಿ ಮಾಡಿಯೋ ಅಂತ ಕೇಳಿದ. ಇದ್ದದ್ದರ ಮೇಲೇ ಅಂದೆ. ಕಡ್ಡಿ ತೆಗೆದು ಮಟ್ಟ ನೋಡಿದಿರಾ ಅಂದ. ಯಾವ ಕಡ್ಡಿ ಅಂದೆ. ಮಾವನವರು ನಕ್ಕುಬಿಟ್ಟರು.

"ಏನಪ್ಪ, ಮಗ್ಗ ಅಂದ್ಕೊಂಡ್ಯಾ?"

ನಾನು ಇಷ್ಟು ದಿನ ಹೆದರಿದ್ದ ಮಾತು ಅದೇ. ಕೇಳಿಸಿಕೊಂಡ ಮೇಲೆ ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಹೌದು ಮಾವ, ಹಾಗೇ ಅಂದುಕೊಂಡೆ ಅಂದೆ. ಕಷ್ಟವಾದದ್ದು ತಂಗಿಯ ಮುಖ ನೋಡುವುದು. ಅವಳು ಗೋಣಿಚೀಲ ಬಿಟ್ಟು ನನ್ನ ಮುಂದೆ ಬಂದು ನಿಂತಳು.

"ಎಣ್ಣೆ ಹೊಯ್ದಿದ್ದು ಬಿಡು. ಗೊತ್ತಿರ್ನಿಲ್ಲ, ಹೊಯ್ದೆ. ನಾನು ಫೋನ್ನಾಗೆ ಅಳ್ತಿದ್ನಲ್ಲ, ಆವಾಗ ಗೊತ್ತಿತ್ತಾ?"

"ಆವಾಗ್ಲೇ ಅನುಮಾನ ಬಂತು. ಸಾಯಂಕಾಲಕ್ಕೆ ಗೊತ್ತಾಯ್ತು."

ಅವಳು ತಿರುಗಿ ಹೋಗಿ ಗೋಣಿಚೀಲದ ಬಾಯಿ ಕಟ್ಟತೊಡಗಿದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿ ಅಷ್ಟರಲ್ಲಿ ಕೆಲಸ ಶುರುಮಾಡಿದ್ದ. ಮುಂದಿನ ಬಂಪರು ಬಿಚ್ಚಿ, ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ರೇಡಿಯೇಟರಿನಂಥ ಭಾಗವನ್ನು ಹೊರತೆಗೆದು ಬಗ್ಗಿಸಿದ. ನಾನು ಹೊಯ್ದ ಎಣ್ಣೆ ಕಪ್ಪಗೆ, ನಿಧಾನವಾಗಿ ತಟ್ಟೆಗೆ ಇಳಿಯಿತು. ಆಮೇಲೆ ಟರ್ಬೊದ ಪುಟ್ಟ ಚಕ್ರಕ್ಕೆ ಬೆರಳಿಟ್ಟು ಅಲ್ಲಾಡಿಸಿದ. ಅಲ್ಲಾಡಲಿಲ್ಲ. ತಿರುಗಿಸಿದ. ಸದ್ದಿಲ್ಲದೆ ತಿರುಗಿತು. ತಂಗಿಯನ್ನು ಕರೆದು ಅವಳ ಬೆರಳನ್ನೂ ಅಲ್ಲಿಡಿಸಿದ. ಸೀಲು ಹೋಗಿದೆ ಅಂದದ್ದು ನನ್ನ ತಪ್ಪಮ್ಮ, ಇದನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರು ಈ ತಾಲ್ಲೂಕಿನಲ್ಲಿ ಇಲ್ಲ ಅಂತ ತೆಲುಗಿನಲ್ಲಿ ಹೇಳಿದ. ಅವಳು ಆ ಚಕ್ರದ ಮೇಲಿಂದ ಬೆರಳು ತೆಗೆಯಲು ತುಂಬ ಹೊತ್ತು ಮಾಡಿದಳು.

ಪೈಪುಗಳನ್ನು ತೊಳೆದು, ಹಳೆಯ ಎಣ್ಣೆ ಇಳಿಸಿ ಅಳತೆಯಾಗಿ ಹೊಸದು ಹಾಕಿ ಸ್ಟಾರ್ಟ್ ಮಾಡಿದಾಗ ಮಧ್ಯಾಹ್ನವಾಗಿತ್ತು. ಮೊದಲು ಶೆಡ್ಡು ತುಂಬ ಹೊಗೆ ಬಂತು. ಆಮೇಲೆ ತೆಳ್ಳಗಾಯಿತು, ಆಮೇಲೆ ನಿಂತಿತು. ಧರ್ಮಾವರದವರು ಬಂದಾಗ ಅವರ ಜೊತೆ ಮಾತಾಡಿದವರು ಮಾವನವರೇ. ಕಾರು ತಾನಾಗಿ ಕೈಕೊಟ್ಟಿಲ್ಲ, ಕೈಕೊಡಿಸಿದ್ದು, ಸೊಸೆಯ ಮಾತು ಇನ್ನೂ ನಿಂತಿದೆ, ಹಾಗಾಗಿ ಮಾರುವುದಿಲ್ಲ ಅಂದರು. ಬಂದವರಿಗೆ ಅದು ತಿಳಿಯಲಿಲ್ಲ, ನಮ್ಮ ಮೂವರಿಗೂ ತಿಳಿಯಿತು.

ನಾನು ಬಸ್ ಸ್ಟ್ಯಾಂಡಿಗೆ ಹೊರಟೆ. ತಂಗಿ ತಡೆದಳು.

"ಎಲ್ಲಿಗೋಯ್ತೀಯ? ನಾನು ಸುಟ್ಟಾಕ್ದೆ ಅಂತ ಊರೂರ್ನಾಗೆ ಮಾತಾಡ್ತಾವ್ರೆ. ನಡಿ, ಎಲ್ರತ್ರನೂ ನೀನೇ ಹೇಳು."

ಅವತ್ತಿನ ಅವಳ ಸುತ್ತಿನಲ್ಲಿ ನಾನು ಜೊತೆಗಿದ್ದೆ. ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಎಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲಿ ಇಳಿದು ಹೇಳುವುದು ನನ್ನ ಕೆಲಸ. ಪೆಟ್ರೋಲ್ ಬಂಕಿನವನಿಗೆ ಹೇಳಿದೆ. ದನದ ಆಸ್ಪತ್ರೆಯ ಕಾಂಪೌಂಡರಿಗೆ ಹೇಳಿದೆ, ಅವರು ಒಳಗಿನವರನ್ನೂ ಕರೆದು ಮತ್ತೊಮ್ಮೆ ಹೇಳಿಸಿದರು. ಅವಳನ್ನು ಅವತ್ತು ಬೈಕಿನಲ್ಲಿ ಕೂರಿಸಿಕೊಂಡು ಹೋಗಿದ್ದವನಿಗೂ ಹೇಳಿದೆ. ಮೊದಮೊದಲು ನಾಲಿಗೆ ತಡವರಿಸಿತು. ಆಮೇಲಾಮೇಲೆ, ಒಂದು ಲೀಟರು ಎಣ್ಣೆ ಹೆಚ್ಚು ಕುಡಿದರೂ ಇದರ ಟರ್ಬೊ ಕೂದಲೆಳೆಯಷ್ಟೂ ಅಲ್ಲಾಡಿಲ್ಲ, ಅದು ನನ್ನ ತಂಗಿ ಓಡಿಸುವ ರೀತಿ ಅಂತ ಸೇರಿಸತೊಡಗಿದೆ. ಅದನ್ನು ಹೇಳುವಾಗ ನನ್ನ ಧ್ವನಿ ಜೋರಾಗುತ್ತಿತ್ತು.

ಆಮೇಲೆ ನಿಲ್ಲಿಸಿದ್ದು ಅವತ್ತು ಕರು ಹಾಕಿದ ಹಸುವಿನ ಮನೆಯ ಮುಂದೆ. ಹಸುವಿನ ಒಡತಿ ವಯಸ್ಸಾದ ಹೆಂಗಸು. ನಾನು ಎಲ್ಲ ಹೇಳಿ ಮುಗಿಸುವ ತನಕ ಕರುವಿನ ಬೆನ್ನು ತುರಿಸುತ್ತಾ ಕೇಳಿದಳು. ಆಮೇಲೆ ನನ್ನನ್ನು ಕಾಲಿಂದ ತಲೆಯ ತನಕ ನೋಡಿ ತಂಗಿಯ ಕಡೆ ತಿರುಗಿದಳು.

"ಅಂಗಾದ್ರೆ ಬಂಡಿ ಚೆನ್ನಾಗೈತೆ ಕಣಮ್ಮ. ರಿಪೇರಿ ಆಗ್ಬೇಕಾಗಿರೋದು ನಿಮ್ಮಣ್ಣನೇ."

ನನ್ನ ತಂಗಿ ಅವತ್ತು ಮೊದಲ ಸಲ ನಕ್ಕಳು. ಕಾರಿಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಅಂತ ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಬಾಗಿಲು ತೆಗೆದು, ಹತ್ತು, ಇನ್ನೂ ಎರಡು ಊರು ಬಾಕಿ ಅವೆ ಅಂದಳು. ನಾನು ಹತ್ತಿ ಕೂತೆ.